ಕಾಶವ್ವನ ಮೂಗಿನ ಮೇಲೆ ಕೊಕ್ಕರೆ

ಕಾಶವ್ವ: ನನ್ನ ಮುಖದ ಮ್ಯಾಲ ಕೊಕ್ಕರೆ ನಿಂತೈತಿ, ನೀವು ನೋಡಿದ್ರ ಕೊಕ್ಕರಿಗೆ ಏನಾತು ಅಂತ ಅಳಾಕತ್ತೀರಿ!

ನೀಲಕಂಠಪ್ಪ: ಅಳಬಾರದೇನು? ಮೂರು ತಾಸು ಕೆಸರಿನಾಗ ಮೊಣಕಾಲೂರಿ ಕಾದೀನಿ ಆ ಕೊಕ್ಕರಿಗೆ. ಮೂರು ತಾಸು! ಈಗ ನೋಡಿದ್ರ ಅದರ ರೆಕ್ಕಿ ಇರಬೇಕಾದಲ್ಲಿ ನಿನ್ನ ಗಲ್ಲ ಐತಿ.

ಕಾಶವ್ವ: ಗಲ್ಲ ಇರಬೇಕಾದಲ್ಲೇ ಗಲ್ಲ ಐತ್ರಿ. ರೆಕ್ಕಿ ಬಂದು ಅದರ ಮ್ಯಾಲ ಕುಂತೈತಿ.

ನೀಲಕಂಠಪ್ಪ: ಮೊದಲು ಬಂದದ್ದು ರೆಕ್ಕಿ.

ಕಾಶವ್ವ: ಮೊದಲು ಮಾತು ಕೊಟ್ಟದ್ದು ನನಗ.

ಸಯನ್ ಸ್ಟೇಷನ್ನಿನ ಹಿಂದಿನ ಚಾಳಿನ ಮೂರನೆಯ ಮಹಡಿ. ಗುರುವಾರ ಸಂಜೆ ಐದೂವರೆ. ಫೋರ್ಟಿನ ವಿಮಾ ಕಚೇರಿಯಿಂದ ಆಗಷ್ಟೇ ಬಂದ ನೀಲಕಂಠಪ್ಪ ಇನ್ನೂ ಕೋಟು ಕಳಚಿರಲಿಲ್ಲ. ಬೆಳಿಗ್ಗೆ ತೊಳೆದು, ಅಡಿಗೆ ಕೋಣೆಯ ಹಗ್ಗಕ್ಕೆ ಚಿಮಟಿಗೆ ಹಾಕಿ ತೂಗುಬಿಟ್ಟು ಹೋಗಿದ್ದ ಎಂಟು ಚಿತ್ರಗಳು ಒಣಗಿ ಸುರುಳಿ ಸುತ್ತಿಕೊಂಡಿದ್ದವು. ತಾನು ಬಂದು ಬಿಡಿಸುವ ತನಕ ಅವನ್ನು ಯಾರೂ ಮುಟ್ಟಕೂಡದೆಂಬುದು ಅವನ ಕಟ್ಟಳೆ. ಯಾರೂ ಅಂದರೆ, ಆ ಮನೆಯಲ್ಲಿ ಹಗಲೆಲ್ಲ ಇರುವವಳು ಹೆಂಡತಿ ಕಾಶವ್ವ ಒಬ್ಬಳೇ. ಅವಳು ಬೆಳಗಿನಿಂದ ಅವುಗಳ ಅಡಿಯಲ್ಲಿ ತಲೆ ತಗ್ಗಿಸಿಕೊಂಡೇ ರೊಟ್ಟಿ ಬಡಿದಿದ್ದಳು, ಹಿಟ್ಟಿನ ಧೂಳು ಹಾರೀತೆಂದು ಮೆಲ್ಲಗೆ ಬಡಿದಿದ್ದಳು.

ಈಗ ಏಳನೆಯ ಸುರುಳಿ ಬಿಡಿಸಿದರೆ ಅದರೊಳಗೆ ಇಬ್ಬರು. ತಲೆ ಬಾಚಿ, ಕುಂಕುಮ ತಿದ್ದಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ನೋಡುತ್ತಿರುವ ಕಾಶವ್ವ. ಅವಳ ಮೂಗಿನ ಗುಂಟ ಒಂದು ಕಾಲೂರಿ, ಎಡ ಹುಬ್ಬಿನ ಮೇಲೆ ಕೊಕ್ಕು ಚಾಚಿ, ಅವಳಷ್ಟೇ ನೆಟ್ಟಗೆ ನೋಡುತ್ತಿರುವ ಮಾಹಿಮ್ ಖಾಡಿಯ ಹಿನ್ನೀರಿನ ಕೊಕ್ಕರೆ.

ಮೇಜಿನ ಮೇಲೆ ಒಂದು ಅರ್ಜಿ ಬಿದ್ದಿತ್ತು. ಮುನಿಸಿಪಾಲಿಟಿಯ ಕನ್ನಡ ಶಾಲೆಗಳಿಗೆ ಶಿಕ್ಷಕಿಯರು ಬೇಕಾಗಿದ್ದರು. ಮದುವೆಗೆ ಮುಂಚೆ ಧಾರವಾಡದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಕಾಶವ್ವ ದುಂಡನೆಯ ಅಕ್ಷರದಲ್ಲಿ ಅದನ್ನು ತುಂಬಿ ಒಂದು ತಿಂಗಳಾಗಿತ್ತು. ಬಲಗಡೆಯ ಮೂಲೆಯಲ್ಲಿ ಭಾವಚಿತ್ರ ಅಂಟಿಸುವ ಚೌಕ ಒಂದೇ ಖಾಲಿ. ನಾಳೆ ಸಂಜೆ ಐದಕ್ಕೆ ಬೋರಿಬಂದರಿನ ಕಚೇರಿಯಲ್ಲಿ ಅರ್ಜಿ ತಗೊಳ್ಳುವುದು ನಿಲ್ಲುತ್ತಿತ್ತು.

ನೀಲಕಂಠಪ್ಪ: ಕೊಕ್ಕರೆ ತಗದ ಮ್ಯಾಲ ರೋಲು ಯಾಕ ಸುತ್ತಲಿಲ್ಲ? ಸುತ್ತದಿದ್ರ ಒಂದರ ಮ್ಯಾಲ ಒಂದು ಬೀಳತಾವ.

ಕಾಶವ್ವ: ಯಾರು?

ನೀಲಕಂಠಪ್ಪ: ನೀನು.

ಕಾಶವ್ವ: ನಾ ಆಗ ಎಲ್ಲಿದ್ದೆ?

ನೀಲಕಂಠಪ್ಪ: ಕಲ್ಲಿನ ಮ್ಯಾಲ ಕುಂತಿದ್ದಿ.

ಕಾಶವ್ವ: ಯಾಕ ಕುಂತಿದ್ದೆ?

ನೀಲಕಂಠಪ್ಪ: ಫೋಟೋಕ್ಕ.

ಕಾಶವ್ವ: ಕ್ಯಾಮೆರಾ ಎಲ್ಲಿತ್ತು?

ನೀಲಕಂಠಪ್ಪ: ನನ್ನ ಕೈಯಾಗ.

ಕಾಶವ್ವ: ಮತ್ತ? ಆ ಕಲ್ಲಿನ ಮ್ಯಾಲ ಕುಂತು ನಿಮ್ಮ ಕೈಯಾಗಿನ ಕ್ಯಾಮೆರಾ ಸುತ್ತಾಕ ನನಗೇನು ಆನಿ ಸೊಂಡಿ ಐತೇನು?

ನೀಲಕಂಠಪ್ಪ: ಯಾವಾಗ್ಲೂ ನೀನ ಸುತ್ತತಿದ್ದಿ.

ಅದು ನಿಜವೇ. ಎರಡು ವರ್ಷಗಳಿಂದ ಪ್ರತಿ ಭಾನುವಾರ ವರ್ಸೋವಾ, ಗೋರಾಯಿ, ವಸಯಿ, ಘಾರಾಪುರಿ ಎಂದು ಕಡಲಿರುವ ಕಡೆಗೆಲ್ಲ ಇಬ್ಬರೂ ಹೋಗಿದ್ದರು. ನೀಲಕಂಠಪ್ಪ ಒಂದು ಚಿತ್ರ ತೆಗೆದವನೇ, ಕುಡಿದು ಮುಗಿಸಿದ ಚಹದ ಬಟ್ಟಲನ್ನು ಚಾಚುವಂತೆ, ತಿರುಗಿ ನೋಡದೆ ಕ್ಯಾಮೆರಾ ಪಕ್ಕಕ್ಕೆ ಚಾಚುತ್ತಿದ್ದ. ಕಾಶವ್ವ ಅದನ್ನು ಹಿಡಿದು, ಕೀಲಿ ತಿರುವಿ, ಹಿಂದಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಬಂತೋ ಎಂದು ನೋಡಿ, ಮರಳಿ ಅವನ ಕೈಗೆ ಇಡುತ್ತಿದ್ದಳು. ಹಂಡೆ ತಾನೇ ತುಂಬುತ್ತದೆ, ಅಂಗಿ ತಾನೇ ಇಸ್ತ್ರಿಯಾಗುತ್ತದೆ, ರೋಲು ತಾನೇ ಮುಂದಕ್ಕೆ ಹೋಗುತ್ತದೆ ಎಂದು ಅವನು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನೀಲಕಂಠಪ್ಪ: ಆಮ್ಯಾಲ ಎದ್ದು ಬಂದು ಸುತ್ತಿದಿ. ಆಗ ಎಂಟನೇದು ಬಂತು. ಏಳನೇದು ಕೊಕ್ಕರೆ, ಎಂಟನೇದು ನಿನ್ನ ಮುಖ, ಅಲ್ಲಿಗೆ ರೋಲು ಮುಗೀಬೇಕಿತ್ತು. ಮತ್ತ ಎಂಟು ಹೆಂಗ ಬಂತು ಅಂತ ನಿನಗ ಅನಸಲಿಲ್ಲೇನು?

ಕಾಶವ್ವ: ಅನಸಿತ್ತು. ಹೇಳಿದೆ. 'ಅಲ್ರೀ, ಇದರಾಗ ಇನ್ನೊಂದು ಉಳದೈತಿ' ಅಂದೆ. ನೀವೇನಂದ್ರಿ?

ನೀಲಕಂಠಪ್ಪ ಕೆಮ್ಮಿದ.

ಕಾಶವ್ವ: 'ಕಂಪನಿಯವರು ಕೊಸರು ಹಾಕ್ಯಾರ' ಅಂದ್ರಿ! ಕಾಯಿಪಲ್ಯಾದವ ಕೊತ್ತಂಬರಿ ಕೊಸರು ಹಾಕಿದಂಗ ಫಿಲ್ಮ್ ಕಂಪನಿಯವರು ಫೋಟೋ ಕೊಸರು ಹಾಕ್ಯಾರ ಅಂತ ಕುಣಕೋತ ಹೋಗಿ ಖಾಡಿ ಗಿಡದ ಬೇರು ತಗದ್ರಿ. ನೋಡ್ರಿಲ್ಲೆ, ಬೇರು ಎಷ್ಟು ಸ್ವಚ್ಛ ಬಂದೈತಿ. ಅದರ ಮ್ಯಾಲ ಒಂದು ಸೊಳ್ಳಿ ಸೈತ ಕುಂತಿಲ್ಲ.

ನೀಲಕಂಠಪ್ಪ: ಬೇರು ಛಲೋನ ಬಂದೈತಿ ಬಿಡು.

ಕಾಶವ್ವ: ಅದನ್ನ ಅರ್ಜಿಗೆ ಹಚ್ಚಲೇನು?

ನೀಲಕಂಠಪ್ಪ: ಅದ್ಯಾಕ, ಇದನ್ನ ಹಚ್ಚು. ಏನಾಗೈತಿ ಇದಕ್ಕ? ಎರಡೂ ಕಣ್ಣು ಕಾಣತಾವ. ಒಂದು ಕಿವಿ ಕಾಣತೈತಿ.

ಕಾಶವ್ವ: 'ಉಮೇದುವಾರರ ಭಾವಚಿತ್ರ' ಅಂತ ಬರದಾರ. ಅಲ್ಲಿ ಕುಂತ ಕಾರಕೂನ ಇಬ್ಬರಾಗ ಯಾರನ್ನ ಕರೀಬೇಕು?

ನೀಲಕಂಠಪ್ಪ: ಮುಲ್ಕಿ ಪಾಸಾದವರನ್ನ.

ಕಾಶವ್ವ: ಅದು ಮೂರು ತಾಸು ಒಂಟಿಗಾಲ ಮ್ಯಾಲ ಗಪ್ಪಗ ನಿಂತಿತ್ತು ಅಂತ ನೀವ ಹೇಳ್ತೀರಿ. ಶಾಲಿಗೆ ಅದಕ್ಕಿಂತ ಛಲೋ ಮಾಸ್ತರು ಎಲ್ಲಿ ಸಿಗತಾರ? ನೌಕರಿ ಅದಕ್ಕ ಆಗತೈತಿ, ನಾ ಮನ್ಯಾಗ ಕುಂದ್ರತೀನಿ.

ನೀಲಕಂಠಪ್ಪನಿಗೆ ನಗು ಬಂತು. ನಕ್ಕರೆ ಏನಾಗುತ್ತದೆಂಬುದು ಹತ್ತು ವರ್ಷದ ಸಂಸಾರದಲ್ಲಿ ಗೊತ್ತಿದ್ದರಿಂದ ಕೋಟಿನ ಗುಂಡಿ ಬಿಚ್ಚತೊಡಗಿದ.

ಕಾಶವ್ವ: ತಿಂಗಳ ಹಿಂದ ನಾ ಸ್ಟುಡಿಯೋಕ್ಕ ಹೋಗಿ ಬರ್ತೀನಿ ಅಂದಿದ್ದೆ.

ನೀಲಕಂಠಪ್ಪ: ಮನ್ಯಾಗ ಎಮ್ಮಿ ಕಟ್ಟಕೊಂಡು ಹಾಲು ಕೊಳ್ಳಾಕ ಹ್ವಾದ್ರ ಮಂದಿ ಏನಂತಾರ?

ಕಾಶವ್ವ: ಎಮ್ಮಿ ಐತಿ ಖರೆ. ಎರಡು ವರ್ಷದಿಂದ ಅದರ ಸಗಣಿ ಬಳ್ಯಾಕಿನೂ ನಾನ. ಹಾಲು ಮಾತ್ರ ಒಂದಿನ ನನ್ನ ಬಟ್ಟಲಕ್ಕ ಬಿದ್ದಿಲ್ಲ. ಮೊದಲನೇ ಐತವಾರ ವರ್ಸೋವಾದಾಗ ಚಿಪ್ಪುಗಳಿಗೆ ಬಿಸಲು ಛಲೋ ಐತಿ ಅಂದ್ರಿ. ಎರಡನೇ ಐತವಾರ ಗೋರಾಯಿಯೊಳಗ ಏಡಿ ಗುದ್ದಿನಿಂದ ಹೊರಗ ಬಂತು. ಮೂರನೇದು ವಸಯಿ, ಕೇದಗಿ ಹೂ ಬಿಟ್ಟಿತ್ತು. ಏಡಿಗೆ ಪಾಳಿ ಬಂತು, ಕೇದಗಿಗೆ ಬಂತು, ನನಗ ಬರಾಕ ನಾಲ್ಕು ಐತವಾರ ಬೇಕಾತು. ಬಂದ ಮ್ಯಾಲೂ ಒಬ್ಬಾಕಿಗೇ ಬರಲಿಲ್ಲ!

ನೀಲಕಂಠಪ್ಪ: ಏ, ತಡಿ ತಡಿ. ಇಷ್ಟ್ಯಾಕ ಒದರಾಡತೀ? ನಮ್ಮ ಮನ್ಯಾಗ ನಾಕುನೂರು ಫೋಟೋ ಅದಾವ. ಎಲ್ಲಾ ಕಡೆ ನೀ ನನ್ನ ಸಂಗಡ ಇದ್ದಿ. ನಾಕುನೂರರಾಗ ಒಂದರಾಗರೆ ನಿನ್ನ ಮುಖ ಇಲ್ಲೇನು? ಹುಡುಕೂಣು. ಸಿಕ್ಕರ ಕತ್ತರಸಿ ಹಚ್ಚಿಬಿಡೂದು.

ಈ ಮಾತು ಕಾಶವ್ವನಿಗೂ ಹೌದೆನಿಸಿತು. ಗೋಡೆಯ ಕಪಾಟಿನಿಂದ ಐದು ಆಲ್ಬಮ್ ಇಳಿಸಿದಳು. ಇಳಿಸುವುದು ಅವಳ ಕೆಲಸ. ಹುಡುಕೋಣ ಎನ್ನುವುದು ಅವನ ಕೆಲಸ. ಇಬ್ಬರೂ ಚಾಪೆಯ ಮೇಲೆ ಕೂತು ಕರಿಯ ಹಾಳೆಗಳನ್ನು ತಿರುವತೊಡಗಿದರು.

ನೀಲಕಂಠಪ್ಪ: ಇಲ್ಲೈತಿ ನೋಡು! ವರ್ಸೋವಾ. ನೀನ ಇದ್ದಿ.

ಕಾಶವ್ವ: ಎಲ್ಲಿ?

ನೀಲಕಂಠಪ್ಪ: ಇದು ನಿನ್ನ ಕೈ. ಹಸಿರು ಬಳಿ. ನಕ್ಷತ್ರ ಮೀನು ಎಷ್ಟು ದೊಡ್ಡದು ಅಂತ ತಿಳೀಲಿ ಅಂತ ಅಳತಿಗೆ ಇಡಸಿದ್ದೆ.

ಕಾಶವ್ವ: ಮುಖ?

ನೀಲಕಂಠಪ್ಪ: ಅಳತಿಗೆ ಮುಖ ಯಾಕ ಬೇಕು? ಮುಂದ ನೋಡು. ಘಾರಾಪುರಿ. ಇದು ನಿನ್ನ ಕಾಲು.

ಕಾಶವ್ವ: ಹಾಂ, ಏಡಿ ಪಕ್ಕ. ಆ ಏಡಿ ಆಮ್ಯಾಲ ಏನು ಮಾಡಿತು ಅನ್ನೂದು ಫೋಟೋದಾಗ ಬಂದಿಲ್ಲ.

ನೀಲಕಂಠಪ್ಪ: ಗೋರಾಯಿ. ಇದು ನಿನ್ನ ಬೆನ್ನು. ಗಾಳಿಗೆ ಹೂವು ಅಳ್ಳಾಡಬಾರದಂತ ಅಡ್ಡ ನಿಲ್ಲಿಸಿದ್ದೆ.

ಕಾಶವ್ವ: ಗೋಡಿ ಸಿಗದಿದ್ರ ಹೇಂತಿ.

ನೀಲಕಂಠಪ್ಪ: ಇದು ನಿನ್ನ ಜಡಿ. ಇದು... ಇದು ನಿನ್ನ ನೆರಳು.

ಕಾಶವ್ವ: ನಿಮ್ಮ ತಲಿ ಮ್ಯಾಲ ಕೊಡಿ ಹಿಡಕೊಂಡು ನಿಂತದ್ದು. ನೆರಳಾಗ ಇದ್ದಾವ್ರು ನೀವು, ಬಿಸಲಾಗ ಇದ್ದಾಕಿ ನಾನು.

ನೀಲಕಂಠಪ್ಪ: ಸಿಕ್ಕಿತು! ವಸಯಿ ಕೋಟಿ. ಪೂರಾ ನೀನ ಇದ್ದಿ ನೋಡು, ತಲಿಯಿಂದ ಕಾಲಿನ ತನಕ!

ಕಾಶವ್ವ ಬಾಗಿ ನೋಡಿದಳು. ಆಕಾಶದೆತ್ತರದ ಕೋಟೆಯ ಗೋಡೆ, ಗೋಡೆಯ ತುಂಬ ಬೇರಿಳಿಸಿದ ಆಲದ ಮರ. ಬುಡದಲ್ಲಿ ಸಾಸಿವೆ ಕಾಳಿನಷ್ಟು ಏನೋ ಒಂದು.

ಕಾಶವ್ವ: ಇದು ನಾನೇನು? ಇರಿವಿ ಅಂತ ತಿಳಕೊಂಡಿದ್ದೆ.

ನೀಲಕಂಠಪ್ಪ: ಕೋಟಿ ಎಷ್ಟು ಎತ್ತರ ಅಂತ ತಿಳೀಬೇಕಲ್ಲ.

ಇಷ್ಟಕ್ಕೆ ಕಾಶವ್ವನ ದನಿ ಚಾಳಿನ ಮೆಟ್ಟಿಲಿಳಿದು ಹೊರಟಿತು. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಮೋನಪ್ಪ ಶೆಟ್ಟರು ಬರುತ್ತಿದ್ದರು. ಮಾಟುಂಗದಲ್ಲಿ ಇಡ್ಲಿ, ಕಾಫಿಗೆ ಹೆಸರಾದ ಹೋಟೆಲಿನ ಮಾಲಕರು, ಕನ್ನಡ ಸಂಘದ ಕಾರ್ಯದರ್ಶಿಗಳು. ಸಂಘದ ವಾರ್ಷಿಕೋತ್ಸವದ ಚಿತ್ರಪ್ರದರ್ಶನಕ್ಕೆ ಒಂದು ಚಿತ್ರ ಆರಿಸಿಕೊಂಡು ಹೋಗಲು ಅವರು ಬರುವವರಿದ್ದರು. ಬಾಗಿಲ ಹೊರಗೆ ನಿಂತ ಅವರ ಕಿವಿಗೆ ಬಿದ್ದ ಮಾತುಗಳು ಇವು:

ಕಾಶವ್ವ: ಕೈ ಒಂದು ಕಡೆ, ಕಾಲು ಒಂದು ಕಡೆ, ಜಡಿ ಒಂದು ಕಡೆ! ತಲಿ ಎಲ್ಲೈತಿ? ತಲಿ ಏನು ಮಾಡಿದ್ರಿ ಹೇಳ್ರಿ!

ನೀಲಕಂಠಪ್ಪ: ತಲಿ ಬ್ಯಾಡಾಗಿತ್ತು, ಕತ್ತರಿಸಿ ಒಗದೀನಿ.

ಶೆಟ್ಟರು ಎರಡು ಮೆಟ್ಟಿಲು ಹಿಂದಕ್ಕಿಳಿದರು. ಆಮೇಲೆ, ಎಷ್ಟಾದರೂ ಕಾರ್ಯದರ್ಶಿಯಲ್ಲವೇ, ಧೈರ್ಯ ತಂದುಕೊಂಡು ಬಾಗಿಲು ತಟ್ಟಿದರು.

ಮೋನಪ್ಪ: ನೀಲಕಂಠಪ್ಪನವರೇ... ಒಳಗೆ ಎಲ್ಲರೂ... ಪೂರ್ತಿ ಇದ್ದೀರಲ್ಲ?

ನೀಲಕಂಠಪ್ಪ: ಬರ್ರಿ ಶೆಟ್ರ, ಬರ್ರಿ! ಫೋಟೋ ನೋಡಾಕತ್ತಿದ್ವಿ.

ಮೋನಪ್ಪ: ಹಾಗೋ! ಬದುಕಿದೆ ಮಾರಾಯ್ರೆ. ನಮಸ್ಕಾರ ಅಮ್ಮ. ನಿಮ್ಮ ತಲೆ ನೋಡಿ ಬಹಳ ಸಂತೋಷ ಆಯ್ತು.

ಕಾಶವ್ವ: ನಿಮಗರೆ ಆತಲ್ಲ.

ನೀಲಕಂಠಪ್ಪ ಏಳನೆಯ ಚಿತ್ರವನ್ನು ಸರಕ್ಕನೆ ಆಲ್ಬಮ್ಮಿನ ಕೆಳಗೆ ತಳ್ಳಿದ. ಶೆಟ್ಟರು ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಆಲ್ಬಮನ್ನು ಹೋಟೆಲಿನ ಹಾಲು ಪರೀಕ್ಷಿಸುವ ಗಾಂಭೀರ್ಯದಿಂದ ನೋಡತೊಡಗಿದರು.

ಮೋನಪ್ಪ: ಇದು ಏಡಿ. ಒಳ್ಳೇ ಏಡಿ. ಆದರೆ ನಮ್ಮ ಪ್ರದರ್ಶನ ಊಟದ ಹಾಲಿನ ಪಕ್ಕದಲ್ಲೇ ಉಂಟು. ಏಡಿ ನೋಡಿ ಬಂದ ನಮ್ಮ ಊರಿನವರಿಗೆ ಸಾರು ಅನ್ನ ಬಡಿಸಿದರೆ ನನ್ನನ್ನು ಬಿಡ್ತಾರಾ? ಬೇಡ. ಇದು... ಒಂದು ಕಾಲು. ಇದು ಒಂದು ಕೈ. ಇದು ಜಡೆ. ನೀಲಕಂಠಪ್ಪನವರೇ, ನೀವು ಭಾನುವಾರ ಭಾನುವಾರ ಕಡಲಿಗೆ ಹೋಗೋದು ಪ್ರಕೃತಿ ನೋಡ್ಲಿಕ್ಕೆ ಅಂತ ನಾನು ಸಂಘದಲ್ಲಿ ಎಲ್ಲರಿಗೂ ಹೇಳಿದ್ದೆ.

ನೀಲಕಂಠಪ್ಪ: ಹೌದಲ್ರೀ, ಪ್ರಕೃತಿನ.

ಮೋನಪ್ಪ: ಇಷ್ಟು ಹೆಂಗಸರು ಯಾರು ಮತ್ತೆ?

ಕಾಶವ್ವ: ಎಲ್ಲಾ ನಾನ ಶೆಟ್ರ.

ಮೋನಪ್ಪ: ಈ ಕೈ?

ಕಾಶವ್ವ: ನಂದು.

ಮೋನಪ್ಪ: ಈ ಕಾಲು, ಈ ಬೆನ್ನು?

ಕಾಶವ್ವ: ನಂದ. ಬಿಡಿ ಬಿಡಿ ಸಾಮಾನು. ಜೋಡಸಿದ್ರ ಒಬ್ಬಾಕಿ ಆಗತಾಳ, ಆದ್ರ ಮುಖ ಕಡಿಮಿ ಬೀಳತೈತಿ.

ಶೆಟ್ಟರು ತಮ್ಮ ಸಂಶಯಕ್ಕೆ ತಾವೇ ನಾಚಿಕೊಂಡು ಬೇಗ ಬೇಗ ಹಾಳೆ ತಿರುವಿದರು. ಆ ರಭಸಕ್ಕೆ ಅಡಗಿಸಿಟ್ಟ ಚಿತ್ರ ಅವರ ಪಾದದ ಬಳಿಗೆ ಜಾರಿತು. ಎತ್ತಿದರು. ನೋಡಿದರು. ದೂರ ಹಿಡಿದು ನೋಡಿದರು, ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು.

ನೀಲಕಂಠಪ್ಪ: ಏ, ಅದನ್ನ ನೋಡಬ್ಯಾಡ್ರಿ ಶೆಟ್ರ, ಅದು—

ಮೋನಪ್ಪ: ಇದೆಂತದು!

ನೀಲಕಂಠಪ್ಪ: ಅದು ಕೆಟ್ಟ—

ಮೋನಪ್ಪ: ಇದೆಂಥಾ ಕಲ್ಪನೆ ಮಾರಾಯ್ರೆ! ಹೆಂಗಸಿನ ಒಳಗೆ ಹಕ್ಕಿ, ಹಕ್ಕಿಯ ಒಳಗೆ ಹೆಂಗಸು! ನಮ್ಮ ಅಧ್ಯಕ್ಷತೆಗೆ ಬರುವವರು ಆರ್ಟ್ ಸ್ಕೂಲಿನ ದೊಡ್ಡ ಮೇಷ್ಟ್ರು, ವಿಲಾಯತಿಗೆ ಹೋಗಿ ಬಂದವರು. ಹೋದ ವರ್ಷ ನಮ್ಮ ತೆಂಗಿನ ಮರ, ಸೂರ್ಯಾಸ್ತ ಎಲ್ಲ ನೋಡಿ ಆಕಳಿಸಿದರು. 'ಹೊಸತು ಎಂತದಾದರೂ ಇಲ್ವಾ?' ಅಂತ ಕೇಳಿದರು. ಇದು ನೋಡಿದರೆ ಎದ್ದು ನಿಲ್ತಾರೆ. ಬೆಳ್ಳಿ ಪದಕ ಇದಕ್ಕೇ. ಇದು ಹೇಗೆ ತೆಗೆದದ್ದು? ಬೇಕೂಂತಲೇ ತೆಗೆದದ್ದಾ?

ನೀಲಕಂಠಪ್ಪನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಆಸೆ, ಆಮೇಲೆ ಒಂದು ದೊಡ್ಡ ವಿನಯ ಮೂಡಿ ನಿಂತದ್ದನ್ನು ಕಾಶವ್ವ ಸಾಲುಸಾಲಾಗಿ ಓದಿಕೊಂಡಳು.

ನೀಲಕಂಠಪ್ಪ: ಆರು ತಿಂಗಳದಿಂದ ತಲಿಯೊಳಗ ಇತ್ರಿ ಶೆಟ್ರ.

ಕಾಶವ್ವ: ಯಾರ ತಲಿಯೊಳಗ?

ನೀಲಕಂಠಪ್ಪ: ಒಂದರ ಮ್ಯಾಲ ಒಂದು ತಗಿಯೂದು. ಭಾಳ ಕಠಿಣ. ಒಂದು ಕೂದಲೆಳಿ ತಪ್ಪಿದ್ರ ಹಾಳು. ಹೆಣ್ಣು ಅಂದ್ರ ಏನು? ಸಹನಿ. ಕೊಕ್ಕರೆ ಅಂದ್ರ ಏನು? ಅದೂ ಸಹನಿ. ಎರಡು ಸಹನಿ ಒಂದ ಕಡೆ ಕೂಡಿದಾಗ...

ಮೋನಪ್ಪ: ಆಹಾ!

ಕಾಶವ್ವ: ಸ್ವಲ್ಪ ಹೊತ್ತಿನ ಹಿಂದ ನನ್ನ ಗಲ್ಲ ರೆಕ್ಕಿಗೆ ಅಡ್ಡ ಬಂದಿತ್ತಲ್ರೀ?

ನೀಲಕಂಠಪ್ಪ: ಅಡ್ಡ ಅಲ್ಲ ಕಾಶೀ, ಆಧಾರ. ರೆಕ್ಕಿಗೆ ಆಧಾರ. ನೀ ಚಾ ಇಡು ಹೋಗು.

ಮೋನಪ್ಪ: ಹೆಸರು ಎಂತ ಕೊಡುವ?

ನೀಲಕಂಠಪ್ಪ: 'ಸಹನೆ'.

ಶೆಟ್ಟರು ಜೇಬಿನಿಂದ ಪೆನ್ನನ್ನೂ ಒಂದು ಅಚ್ಚಾದ ಚೀಟಿಯನ್ನೂ ತೆಗೆದು ಬರೆಯತೊಡಗಿದರು. ಕಾಶವ್ವ ಚಹಕ್ಕೆ ಏಳಲಿಲ್ಲ. ಚಾಪೆಯ ಮೇಲೆ ಕೂತೇ ಅರ್ಜಿಯ ಖಾಲಿ ಚೌಕವನ್ನು ಹೆಬ್ಬೆರಳಿನಿಂದ ಸವರಿದಳು.

ಮೋನಪ್ಪ: ಪಟ್ಟಿ ಇವತ್ತೇ ಪ್ರೆಸ್ಸಿಗೆ ಹೋಗಬೇಕು, ಏಳೂವರೆಗೆ ಅವರು ಕಾಯ್ತಾ ಇರ್ತಾರೆ. ಎಲ್ಲ ಆಯ್ತು, ಇನ್ನು ಅಮ್ಮನದೊಂದು ಸಹಿ.

ಕಾಶವ್ವ: ನಂದ್ಯಾಕ? ಕ್ಯಾಮೆರಾ ಅವರದು, ಸಹನಿ ಅವರದು.

ಮೋನಪ್ಪ: ಹೋದ ವರ್ಷ ಆದದ್ದು ಗೊತ್ತಿಲ್ವಾ? ನಮ್ಮ ಖಜಾಂಚಿಗಳ ಹೆಂಡತಿ ಪ್ರಫುಲ್ಲಾ ಅಮ್ಮ ಮಂಗಳೂರಿನ ಬೋಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡ್ತಾ ಇದ್ದರು. ಯಾರೋ ಫೋಟೋ ತೆಗೆದು 'ಕಡಲ ಪಯಣ' ಅಂತ ತೂಗುಹಾಕಿದರು. ಆ ಅಮ್ಮ ಬೆಳಗಿನಿಂದ ಸಂಜೆವರೆಗೆ ಅದರ ಎದುರು ಕೊಡೆ ಬಿಚ್ಚಿ ಹಿಡಿದು ನಿಂತರು. ಒಬ್ಬರಿಗೂ ನೋಡ್ಲಿಕ್ಕೆ ಬಿಡಲಿಲ್ಲ. ಅಲ್ಲಿಂದ ಸಮಿತಿ ಠರಾವು ಮಾಡಿದೆ. ಚಿತ್ರದಲ್ಲಿ ಮುಖ ಇದ್ದರೆ ಮುಖದವರ ಒಪ್ಪಿಗೆ ಬೇಕು. ಕೈಕಾಲಿಗೆ ಬೇಡ.

ಕಾಶವ್ವ: ಕೊಕ್ಕರಿದು?

ಮೋನಪ್ಪ: ಹಕ್ಕಿಗೆ ವಿನಾಯಿತಿ ಉಂಟು.

ಕಾಶವ್ವನಿಗೆ ಸಮಿತಿಯ ಮೇಲೆ, ಪ್ರಫುಲ್ಲಾ ಅಮ್ಮನ ಮೇಲೆ, ಆ ಕೊಡೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ನೀಲಕಂಠಪ್ಪ: ಮಾಡು ಕಾಶೀ, ಸಹಿ ಮಾಡು. ಶೆಟ್ರಿಗೆ ಹೊತ್ತಾಗತೈತಿ.

ಕಾಶವ್ವ: ನನಗೂ ಹೊತ್ತಾಗತೈತಿ. ನಾಳೆ ಐದರ ತನಕ ಐತಿ ನನ್ನ ಹೊತ್ತು. ಶೆಟ್ರ, ನಿಮ್ಮ ಹೋಟೆಲಿನ ಹತ್ರ ಒಂದು ಸ್ಟುಡಿಯೋ ಐತಂತಲ್ಲ?

ಮೋನಪ್ಪ: ಗೋಡೆಗೆ ಗೋಡೆ, ನಮ್ಮ ಅಣ್ಣುವಿನದು. ಎಂಟರವರೆಗೆ ದೀಪ ಉರೀತದೆ. ನಾನು ಹೇಳಿದರೆ ನಾಳೆ ಹತ್ತಕ್ಕೆ ಫೋಟೋ ಕೈಯಲ್ಲಿ ಇಡ್ತಾನೆ. ಯಾರಿಗೆ ಬೇಕು?

ಕಾಶವ್ವ: ನನಗ. ಹಕ್ಕಿ ಇಲ್ಲದ್ದು.

ನೀಲಕಂಠಪ್ಪ: ಕಾಶೀ! ಪದಕ ಬರೂ ಫೋಟೋಗ್ರಾಫರನ ಹೇಂತಿ ಸ್ಟುಡಿಯೋಕ್ಕ ಹೋಗೂದಂದ್ರ...

ಕಾಶವ್ವ: ಬ್ಯಾಡೇನು? ಹಂಗಾದ್ರ ಇಲ್ಲೇ ಕುಂದ್ರತೀನಿ. ನೀವ ತಗೀರಿ. ಬೆಳಕಿಗೆ ಅಡ್ಡ ಬಿಳೀ ಧೋತರ ಹಿಡಿಯಾವರು ಯಾರು?

ನೀಲಕಂಠಪ್ಪ: ಅದು... ನೀನ.

ಕಾಶವ್ವ: ಟೇಪು ಹಿಡದು ಅಡಿ ಅಳಿಯಾವರು?

ನೀಲಕಂಠಪ್ಪ: ನೀನ.

ಕಾಶವ್ವ: ಮೋಡಕ್ಕ ಎಷ್ಟು, ಬಿಸಲಿಗೆ ಎಷ್ಟು ಅಂತ ಫಿಲ್ಮಿನ ಡಬ್ಬಿ ಮ್ಯಾಲಿಂದು ಓದಿ ಹೇಳಾವರು?

ಮೋನಪ್ಪ: ಅದೂ ಅಮ್ಮನೇನಾ? ಹಾಗಾದರೆ ನೀವು ಮಾಡೋದು ಎಂತದು ಮಾರಾಯ್ರೆ?

ನೀಲಕಂಠಪ್ಪ: ನಾನು ಒತ್ತತೀನಿ.

ಶೆಟ್ಟರು ಅದನ್ನು ತಮಾಷೆಯೆಂದು ತಿಳಿದು ಹೊಟ್ಟೆ ಕುಲುಕಿಸಿ ನಕ್ಕರು. ಕಾಶವ್ವ ಎದ್ದು ಒಳಗೆ ಹೋಗಿ, ಮುಖ ತೊಳೆದು, ಮದುವೆಯಾದಾಗಿನ ಇಳಕಲ್ ಸೀರೆಯುಟ್ಟು ಬರುವ ಹೊತ್ತಿಗೆ ಅವರ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಅವಳ ಕೈಯಲ್ಲಿ ಅರ್ಜಿಯಿತ್ತು.

ಕಾಶವ್ವ: ನಡ್ರಿ ಶೆಟ್ರ, ನಿಮ್ಮ ಸಂಗಡನ ಬರ್ತೀನಿ. (ಗಂಡನ ಕಡೆಗೆ) ಆರಕ್ಕ ನೀರು ಬರ್ತಾವ. ಏಳಕ್ಕ ಹೋಗತಾವ. ಮೊದಲು ಕುಡ್ಯಾಕ ಎರಡು ಕೊಡ, ಆಮ್ಯಾಲ ಹಂಡೆ, ಆಮ್ಯಾಲ ಬಕೀಟು.

ನೀಲಕಂಠಪ್ಪ: ನಾನ? ಆ ನೀರಿನಾಗ ನನಗ ಇನ್ನೊಂದು ರೋಲಿನ ಫೋಟೋ ತೊಳ್ಯಾದಿತ್ತು!

ಕಾಶವ್ವ: ತೊಳೀರಿ. ನಾಳೆ ಮುಂಜಾನೆ ಫೋಟೋನ ಕುಡಿಯೂಣು. ಅಕ್ಕಿ ಆರಿಸಿಟ್ಟೀನಿ, ಅನ್ನಕ್ಕ ಇಡ್ರಿ. ಉಕ್ಕಿ ಬಂದಾಗ ಮುಚ್ಚಳ ತಗೀರಿ.

ನೀಲಕಂಠಪ್ಪ: ಉಕ್ಕಿ ಬಂತು ಅಂತ ಹೆಂಗ ತಿಳಿಯೂದು?

ಕಾಶವ್ವ: ಕೊಕ್ಕರೆ ಬಂತು ಅಂತ ಹೆಂಗ ತಿಳೀತಿತ್ತು? ಹಂಗ ಮುಂದ ಕುಂತು ನೋಡಕೋತ ಇರ್ರಿ.

ಮೋನಪ್ಪ: ಅಮ್ಮ, ಸಹಿಯೊಂದು ಆಗಿಬಿಡಲಿ. ಚಿತ್ರದಲ್ಲಿರುವವರ ಹೆಸರು, ಕಾಶವ್ವ. ಊರು, ಧಾರವಾಡ. ಉದ್ಯೋಗ... ಗೃಹಿಣಿ ಅಂತ ಬರೀತೇನೆ, ಅಲ್ವಾ?

ಕಾಶವ್ವ: ಶಿಕ್ಷಕಿ ಅಂತ ಬರೀರಿ.

ಶೆಟ್ಟರ ಪೆನ್ನು ನಿಂತಿತು.

ನೀಲಕಂಠಪ್ಪ: ಏ! ಇನ್ನ ಅರ್ಜಿನ ಕೊಟ್ಟಿಲ್ಲ, ಎಲ್ಲಿ ಶಿಕ್ಷಕಿ? ಆಗದ್ದನ್ನ ಆಗೈತಿ ಅಂತ ಅಚ್ಚು ಹಾಕಸೂದು ಸುಳ್ಳಲ್ಲೇನು? ನಾಕು ಮಂದಿ ಓದತಾರ ಅದನ್ನ!

ಕಾಶವ್ವ ಚಪ್ಪಲಿ ಮೆಟ್ಟಿ ಹೊಸ್ತಿಲ ಮೇಲೆ ನಿಂತಿದ್ದಳು. ತಿರುಗಿದಳು.

ಕಾಶವ್ವ: ಶೆಟ್ರ, ಅದರ ಮ್ಯಾಲಿನ ಸಾಲು ಸ್ವಲ್ಪ ಓದ್ರಿ.

ಮೋನಪ್ಪ: 'ಸಹನೆ. ಆರು ತಿಂಗಳ ಚಿಂತನೆಯ ನಂತರ, ಒಂದರ ಮೇಲೊಂದು ಬರುವಂತೆ ಬೇಕೆಂದೇ ತೆಗೆದ ಅಪೂರ್ವ ಚಿತ್ರ. ಛಾಯಾಗ್ರಾಹಕರು, ಶ್ರೀ ನೀಲಕಂಠಪ್ಪ.'

ಕಾಶವ್ವ: ಇದನ್ನೂ ನಾಕು ಮಂದಿ ಓದತಾರ. ಇದು ಖರೆ ಐತೇನ್ರೀ?

ಶೆಟ್ಟರು ಪೆನ್ನು ಹಿಡಿದುಕೊಂಡು ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದರು. ಒಳಗೆ ಬಚ್ಚಲ ಮೋರಿಯಲ್ಲಿ ನಲ್ಲಿ ಒಂದೆರಡು ಸಲ ಗೊರಗೊರ ಅಂದು ಉಸಿರು ಬಿಟ್ಟಿತು.

ನೀಲಕಂಠಪ್ಪ: ಶಿಕ್ಷಕಿ ಅಂತನ ಬರೀರಿ ಶೆಟ್ರ. ನೀರು ಬಂದ್ವು, ನಾ ಕೊಡ ಹಚ್ಚತೀನಿ.